ನಂಬಿಕೆಯೇ ನಮ್ಮ ಲೈಸೆನ್ಸ್

ಓಂಪ್ರಕಾಶನ ಕೆಲಸ ಹೋಗಿ ಏಳು ತಿಂಗಳಾಗುವಷ್ಟರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮೀರಾ ಮೇಸಾ ಬಡಾವಣೆಯ ಆ ಮನೆಯಲ್ಲಿ ಮೊದಲು ಕೆಟ್ಟದ್ದು ಊಟದ ಹೊತ್ತು. ಹಿಂದೆಲ್ಲ ಸಂಜೆ ಏಳಕ್ಕೆ ಐದೂ ಜನ ಒಂದೇ ಮೇಜಿಗೆ ಕೂಡುತ್ತಿದ್ದರು. ಈಗ ಸೊಸೆ ವೈಷ್ಣವಿ ಡೇಕೇರಿನಲ್ಲಿ ದಿನವಿಡೀ ಮಂದಿಯ ಮಕ್ಕಳ ಮೂಗು ಒರೆಸಿ ಬಂದು, ಅಡುಗೆಕಟ್ಟೆಗೆ ಒರಗಿ ನಿಂತೇ ಎರಡು ತುತ್ತು ಉಂಡು ಮಹಡಿ ಹತ್ತಿಬಿಡುವಳು. ಹದಿನೈದರ ಮೊಮ್ಮಗಳು ಪ್ರಣತಿ ಬಟ್ಟಲು ಹಿಡಿದು ತನ್ನ ಕೋಣೆ ಸೇರುವಳು. ಮಗ ಓಂಪ್ರಕಾಶ ಯಾವಾಗ ಉಣ್ಣುವನೋ ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಉಳಿಯುತ್ತಿದ್ದವರು ಶಾರದವ್ವ, ಅವಳ ಗಂಡ ಶೇಖಪ್ಪ, ಮತ್ತು ಆರಿದ ರೊಟ್ಟಿ.

"ಬಿಸಿ ಇದ್ದಾಗ ಒಬ್ರೂ ಬರೂದಿಲ್ಲ ನೋಡ್ರಿ. ನಾನೇನ ಖಾನಾವಳಿ ಇಟ್ಟೇನೇನು?" ಎನ್ನುವಳು ಶಾರದವ್ವ.

"ಖಾನಾವಳ್ಯಾಗ ಉಂಡಾವ್ರು ರೊಕ್ಕರ ಕೊಡತಾರ," ಎನ್ನುವನು ಶೇಖಪ್ಪ.

ಶೇಖಪ್ಪ ಗದಗ-ಬೆಟಗೇರಿಯಲ್ಲಿ ನಲವತ್ತು ವರ್ಷ ಗೌಂಡಿಯಾಗಿ ಮಂದಿಯ ಮನೆ ಕಟ್ಟಿದವನು. ಮದುವೆಯಾದ ಹೊಸದರಲ್ಲಿ ಶಾರದವ್ವನೂ ಅವನ ಹಿಂದೆ ಗಚ್ಚಿನ ಬುಟ್ಟಿ ಹೊತ್ತವಳೇ. ಮಗ ಇಲ್ಲಿ ಟೆಲಿಕಾಂ ಇಂಜಿನಿಯರ್ ಆಗಿ, ಮೂರು ವರ್ಷದ ಹಿಂದೆ ಇಬ್ಬರನ್ನೂ ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಂಡ. ಗೆಳೆಯರಿಗೆ ಪರಿಚಯ ಮಾಡಿಕೊಡುವಾಗ ಮಾತ್ರ, "ನಮ್ಮ ಅಪ್ಪ ಊರಾಗ ಕಂಟ್ರಾಕ್ಟರ್ ಇದ್ರು" ಎನ್ನುತ್ತಿದ್ದ. ಶೇಖಪ್ಪ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದ. ಮನೆಗೆ ಬಂದ ಮೇಲೆ ಹೆಂಡತಿಗೆ, "ಏಳ, ಕಂಟ್ರಾಕ್ಟರ್ ಸಾಹೇಬ್ರಿಗೆ ನೀರ ಕೊಡು" ಎನ್ನುತ್ತಿದ್ದ. ನಗುತ್ತಿದ್ದ, ಆದರೆ ಪೂರ್ತಿ ನಗುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಕೆಳಗಿನ ಬಚ್ಚಲಿನ ಟೈಲ್ಸು ನಾಲ್ಕು ಎದ್ದವು. ಯಾರನ್ನೂ ಕರೆಸುವಷ್ಟು ಕೈ ಸಡಿಲ ಇರಲಿಲ್ಲ. ಶೇಖಪ್ಪ ಲುಂಗಿ ಎತ್ತಿ ಕಟ್ಟಿ, ನೆಲವನ್ನೆಲ್ಲ ಕಿತ್ತು, ಮೂರು ದಿನದಲ್ಲಿ ಹೊಸದಾಗಿ ಕೂರಿಸಿದ. ಓಂಪ್ರಕಾಶ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಟೈಲ್ಸು ಕೈಗೆ ಕೊಟ್ಟ. ನಲವತ್ತೆರಡು ವರ್ಷದ ಮಗ ಅಪ್ಪನ ಕೆಲಸವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೀರು ಹನಿಸಿದರೆ ಸೀದಾ ಮೋರಿಗೆ ಓಡುತ್ತಿತ್ತು. ಬದಿಮನೆಯ ಫಿಲಿಪಿನೋ ಹೆಂಗಸು ಬಂದು ನೋಡಿ, ತನ್ನ ಮನೆಗೂ ಮಾಡಿಕೊಡುತ್ತೀರಾ ಎಂದಳು. ಮಾಡಿಕೊಟ್ಟರು.

ಅಲ್ಲಿಂದ ಓಂಪ್ರಕಾಶನ ತಲೆಯಲ್ಲಿ ಹುಳ ಹೊಕ್ಕಿತು. ಇಂಗ್ಲಿಷಿನಲ್ಲಿ ಬಣ್ಣದ ಕಾಗದ ಅಚ್ಚು ಹಾಕಿಸಿದ: ಮನೆ ರಿಪೇರಿ, ಬಾತ್‌ರೂಮು, ಕಿಚನ್ನು, ನಲವತ್ತು ವರ್ಷದ ಅನುಭವ. ಶನಿವಾರ ಎಲ್ಲರನ್ನೂ ಕಾರಿಗೆ ತುಂಬಿಕೊಂಡು, ಎರಡು ತಾಸು ಡ್ರೈವ್ ಮಾಡಿ, ನಮ್ಮ ದೇಶದವರ ಅಂಗಡಿಗಳು ಸಾಲಾಗಿರುವ ಆರ್ಟೀಸಿಯಾಕ್ಕೆ ಹೋದ. ಅಲ್ಲಿನ ಅಂಗಡಿಗಳ ಬಾಗಿಲಲ್ಲಿ ನೋಟಿಸು ಅಂಟಿಸುವ ಹಲಗೆ ಇರುತ್ತದಲ್ಲ, ಅದಕ್ಕೆ ಅಂಟಿಸುವ ಲೆಕ್ಕ. ಶಾರದವ್ವ ಜೋಳದ ಹಿಟ್ಟಿನ ಚೀಲ ಆರಿಸುತ್ತಿದ್ದಾಗ ಗಲ್ಲಾದ ಮೇಲಿದ್ದ ಮುದುಕ ಕನ್ನಡಕ ಮೂಗಿಗಿಳಿಸಿ ಕಾಗದ ಓದಿದ.

"ಲೈಸೆನ್ಸ್ ನಂಬರ್ ಕಹಾಂ ಹೈ, ಭಾಯಿ?"

"ನಂಬರ್ ಬರುವುದಿದೆ, ಅಂಕಲ್," ಎಂದು ಓಂಪ್ರಕಾಶ ಹಿಂದಿಯಲ್ಲಿ ಅಂದ.

"ಬಂದ ಮೇಲೆ ತನ್ನಿ. ನಂಬರಿಲ್ಲದ ಜಾಹೀರಾತು ನನ್ನ ಹಲಗೆಗೆ ಬೇಡ," ಎಂದು ಮುದುಕ ಕಾಗದ ಮಡಚಿ ವಾಪಸು ಕೊಟ್ಟ. ಉಳಿದ ಮೂರು ಅಂಗಡಿಯಲ್ಲೂ ಅದೇ ಹಾಡು.

ವಾಪಸು ಬರುವಾಗ ಫ್ರೀವೇಯಲ್ಲಿ ಕಾರು ನಿಂತು ನಿಂತು ಹೋಗುತ್ತಿತ್ತು. ವೈಷ್ಣವಿ ಫೋನಿನಲ್ಲಿ ನಿಯಮ ಓದಿ ಹೇಳಿದಳು. "ಕಂಟ್ರಾಕ್ಟರ್ ಲೈಸೆನ್ಸಿಗೆ ಪರೀಕ್ಷೆ ಬರೀಬೇಕಂತ್ರಿ. ಅದಕ್ಕಿಂತ ಮೊದಲ ನಾಕು ವರ್ಷ ಈ ಕೆಲಸ ಮಾಡಿದ್ದಕ್ಕ ಬಲ್ಲವ್ರು ಸಹಿ ಹಾಕಬೇಕಂತ."

"ನಂದು ನಲವತ್ತೈತಲ್ಲ," ಎಂದ ಹಿಂದಿನ ಸೀಟಿನಿಂದ ಶೇಖಪ್ಪ. "ಅದರಾಗ ನಾಕ ಅವಂಗ ಕೊಡತೇನಿ ತಗೋ."

"ಅಜ್ಜಾ, ಇಟ್ ಡಸಂಟ್ ವರ್ಕ್ ಲೈಕ್ ದ್ಯಾಟ್," ಎಂದು ಪ್ರಣತಿ ನಕ್ಕಳು.

"ಸಣ್ಣಪುಟ್ಟ ಕೆಲಸ ಲೈಸೆನ್ಸ್ ಇಲ್ಲದನೂ ಮಾಡಬಹುದಂತ," ವೈಷ್ಣವಿ ಮುಂದುವರಿಸಿದಳು. "ಆದ್ರ ಜಾಹೀರಾತಿನ್ಯಾಗ ನಮಗ ಲೈಸೆನ್ಸ್ ಇಲ್ಲ ಅಂತ ಬರೀಬೇಕು."

"ಇಲ್ಲ ಅಂತ ಬರದ್ರ ಯಾರ ಕರೀತಾರ?" ಓಂಪ್ರಕಾಶ ಸಿಡುಕಿದ. "ಹೋಳಿಗಿ ಮಾರಾವ ಹಳಸ್ಯಾವ ತಗೋರಿ ಅಂತ ಕೂಗತಾನೇನು?"

ಗಂಡ ಹೆಂಡಿರ ಜಗಳ ಬೆಳೆಯುವ ವಾಸನೆ ಶಾರದವ್ವನಿಗೆ ಬಡಿಯಿತು. ಅದನ್ನು ಆರಿಸಲೆಂದು ನಡುವೆ ಬಾಯಿ ಹಾಕಿದಳು. "ಗೌಂಡಿಗೆ ಎಂಥಾ ಲೈಸನ್ಸೋ ಯಪ್ಪಾ. ಬೆಟಗೇರ್ಯಾಗ ಇವರನ್ನ ಯಾರ ಕೇಳಿದ್ರು? ಕರದ್ರು, ಕಟ್ಟಿಸಿಕೊಂಡ್ರು. ನಂಬಿಕಿನ ಲೈಸನ್ಸ."

ಓಂಪ್ರಕಾಶ ಸ್ಟೀರಿಂಗಿಗೆ ಫಟ್ಟನೆ ಬಡಿದ. "ಯವ್ವಾ! ಇನ್ನೊಮ್ಮೆ ಹೇಳು."

ಮರುದಿನ ಮಧ್ಯಾಹ್ನ ಸ್ಯಾನ್ ಡಿಯಾಗೋದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಜಾಹೀರಾತು ಬಂತು. ಗಚ್ಚು ಬಳಿಯುವ ಥಾಪಿ ಹಿಡಿದು ನಗುತ್ತಿರುವ ಶೇಖಪ್ಪನ ಫೋಟೋ, ಕೆಳಗೆ ಅಚ್ಚಗನ್ನಡ: "ನಮ್ಮವರಿಂದ ನಮ್ಮವರ ಮನೆಗೆ. ಬಚ್ಚಲು, ಅಡುಗೆಮನೆ, ನೆಲಹಾಸು. ವಾಸ್ತು ಪ್ರಕಾರ ಬದಲಾವಣೆ ಮಾಡಿಕೊಡಲಾಗುವುದು. ನಲವತ್ತು ವರ್ಷದ ಗೌಂಡಿ ಕೈ. ನಂಬಿಕೆಯೇ ನಮ್ಮ ಲೈಸೆನ್ಸ್."

"ಇದು ಜಾಹೀರಾತ ಅಲ್ಲೇನು?" ಎಂದಳು ವೈಷ್ಣವಿ.

"ಕನ್ನಡದಾಗ ಐತಿ. ನಮ್ಮ ನಮ್ಮೊಳಗಿನ ಮಾತು ಅದು. ಸರಕಾರದಾಗ ಯಾರಿಗೆ ಕನ್ನಡ ಬರತೈತಿ?"

ಕೈಮುಗಿದ ಗೊಂಬೆಗಳು, ಚಪ್ಪಾಳೆಗಳು ಸಾಲುಗಟ್ಟಿ ಬಂದವು. ಲೈಸೆನ್ಸಿನ ಸಾಲು ಎಲ್ಲರಿಗೂ ಹಿಡಿಸಿತು. "ಸಖತ್ತಾಗಿದೆ" ಎಂದರು. ಇದರ ಅರ್ಥವೇನು ಎಂದು ಒಬ್ಬರೂ ಕೇಳಲಿಲ್ಲ. ಒಂದು ವಾರದಲ್ಲಿ ಯೂನಿವರ್ಸಿಟಿ ಸಿಟಿಯ ಒಬ್ಬರ ಬಚ್ಚಲು, ಆಮೇಲೆ ಇನ್ನೊಬ್ಬರ ಹಿತ್ತಲ ಕಟ್ಟೆ, ಆಮೇಲೆ ಒಂದು ದೇವರಮನೆಯ ನೆಲ ಬಂದವು.

ಸುಳ್ಳು ಯಾಕೆ ಹೇಳಬೇಕು, ಶಾರದವ್ವನಿಗೆ ಆ ಎರಡು ತಿಂಗಳು ಹಬ್ಬದ ಹಾಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಪುಂಡಿಪಲ್ಯ ಕಟ್ಟಿ, ಅಪ್ಪ ಮಗನನ್ನು ಬಾಡಿಗೆ ವ್ಯಾನಿಗೆ ಹತ್ತಿಸುವಳು. ಸಂಜೆ ಇಬ್ಬರೂ ಮೈತುಂಬ ಧೂಳು ಮಾಡಿಕೊಂಡು ಬಂದು, ಮಿಂದು, ಏಳಕ್ಕೆ ಸರಿಯಾಗಿ ಮೇಜಿಗೆ ಕೂಡುವರು. ಪ್ರಣತಿಯೂ ಬಟ್ಟಲು ಹಿಡಿದು ಇಳಿದು ಬರುವಳು, ಅಜ್ಜ ಹೇಳುವ ಮಂದಿಮನೆಯ ಸುದ್ದಿ ಕೇಳಲು. ಕೂತು ಕೂತು ಬಾಗಿದ್ದ ಶೇಖಪ್ಪನ ಬೆನ್ನು ನೆಟ್ಟಗಾಗಿತ್ತು. ಅರವತ್ತೆಂಟು ವರ್ಷದವನು ಮೂರು ರೊಟ್ಟಿ ಉಂಡು ನಾಲ್ಕನೆಯದಕ್ಕೆ ಕೈ ಚಾಚುತ್ತಿದ್ದ.

ವೈಷ್ಣವಿ ಒಬ್ಬಳೇ ಒಪ್ಪಲಿಲ್ಲ.

"ಅತ್ತಿ, ನೀವರ ಹೇಳ್ರಿ ಅವರಿಗೆ. ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ. ನಾಳಿ ಮಾವಾರಿಗೆ ಏನರ ಹತ್ತಿದ್ರ ಯಾರ ನೋಡಾವ್ರು?"

"ನಲವತ್ತ ವರ್ಷದಾಗ ಅವರಿಗೆ ಒಂದು ಉಗುರು ಹೋಗಿಲ್ಲವ್ವಾ."

"ಅದು ಅಲ್ಲಿ."

"ಇಟ್ಟಂಗಿ ಎಲ್ಲಿದ್ರೂ ಇಟ್ಟಂಗಿನ."

"ಇಲ್ಲಿ ಇಟ್ಟಂಗಿ ಎಲ್ಲೈತ್ರಿ, ಅತ್ತಿ?" ಎಂದು ವೈಷ್ಣವಿ ಪಾತ್ರೆ ತೊಳೆಯುವ ಮಷೀನಿನ ಬಾಗಿಲನ್ನು ದಡಕ್ಕನೆ ಮುಚ್ಚಿದಳು. ಆ ಮಾತಿನ ಒಳಗುಟ್ಟು ಶಾರದವ್ವನಿಗೆ ಆಗ ತಿಳಿಯಲಿಲ್ಲ. ಸೊಸೆಗೆ ಸಿಟ್ಟು, ಪಾಪ, ಹೊರಗೂ ದುಡಿತ ಒಳಗೂ ದುಡಿತ ಅಂದುಕೊಂಡಳು.

ಹಾಗಿರುವಾಗ ದೊಡ್ಡ ಕೆಲಸವೊಂದು ಬಂತು. ಕಾರ್ಮೆಲ್ ವ್ಯಾಲಿಯ ಬಾಲಕೃಷ್ಣ, ಕಲಾವತಿ ಎಂಬ ಬೆಂಗಳೂರಿನ ದಂಪತಿಗೆ ಎರಡು ಅಂತಸ್ತಿನ ಮನೆ. ಕಲಾವತಿ ಫೋನು ಮಾಡಿದಾಗ ಓಂಪ್ರಕಾಶ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದ.

"ಓಂಪ್ರಕಾಶ್ ಅವ್ರೇ, ನಮ್ಮ ಒಲೆ ಆಗ್ನೇಯಕ್ಕೆ ಬರ್ಬೇಕು. ನಡುವೆ ಒಂದು ಗೋಡೆ ಅಡ್ಡ ಇದೆ, ಅದನ್ನ ತೆಗೀಬೇಕು. ಲೈಸೆನ್ಸ್ ಇರೋರನ್ನ ಕರೆಸಿದ್ವಿ. ಪರ್ಮಿಟ್ಟು, ಇಂಜಿನಿಯರು, ನಾಲ್ಕು ತಿಂಗಳು ಅಂತಾರೆ. ನಾವು ಶ್ರಾವಣಕ್ಕೆ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ. ನಿಮ್ಮ ತಂದೆಯವ್ರು ಒಂದ್ಸಲ ನೋಡಿ ಹೇಳಲಿ, ಅವರ ಮಾತೇ ಸಾಕು ನಮಗೆ."

ನೋಡಿ ಬಂದ ದಿನ ಶೇಖಪ್ಪ ಊಟಕ್ಕೆ ಕುಳಿತು, ಎರಡು ಬೆರಳು ಅಗಲಿಸಿ ಗೋಡೆಯ ದಪ್ಪ ತೋರಿಸಿದ. "ಇಷ್ಟ. ನಾಕೂವರಿ ಇಂಚಿನ ಗ್ವಾಡಿ. ಮರೆಗೆ ಕಟ್ಟಿದ್ದು, ಭಾರ ಹೊರಾಕ ಅಲ್ಲ. ಒಂಬತ್ತ ಇಂಚಿನದು ಇದ್ರ ನಾ ಕೈ ಹಚ್ಚತಿರಲಿಲ್ಲ."

ಊರಿನ ಯಾವ ಗೌಂಡಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಒಂಬತ್ತು ಇಂಚಿನ ಗೋಡೆ ಮನೆ ಹೊರುತ್ತದೆ, ನಾಲ್ಕೂವರೆಯದು ಬರೀ ಪರದೆ. ಬುಟ್ಟಿ ಹೊತ್ತ ಶಾರದವ್ವನಿಗೂ ಅದು ಬಾಯಿಪಾಠ.

"ಬಡದ ನೋಡಿದ್ರಿ?" ಎಂದಳು.

"ಬಡದೆ. ಟೊಳ್ಳು."

"ಅಜ್ಜಾ, ಹಿಯರ್ ಆಲ್ ದ ವಾಲ್ಸ್ ಆರ್ ಹಾಲೋ," ಎಂದಳು ಪ್ರಣತಿ, ಫೋನಿನಿಂದ ಕಣ್ಣೆತ್ತದೆ.

"ಏನಂತಾಳಿಕಿ?" ಎಂದು ಶಾರದವ್ವ ಮಗನನ್ನು ಕೇಳಿದಳು.

"ಏನಿಲ್ಲ, ಉಣ್ಣು ಯವ್ವಾ," ಎಂದ ಓಂಪ್ರಕಾಶ.

ಬುಧವಾರ ಮಧ್ಯಾಹ್ನ ಎರಡೂವರೆಗೆ ವ್ಯಾನು ಗ್ಯಾರೇಜಿನೊಳಗೇ ಬಂತು. ಎಂದೂ ಹಾಗೆ ಒಳಗೆ ತರುತ್ತಿರಲಿಲ್ಲ. ಶಾರದವ್ವ ಕೈ ಒರೆಸಿಕೊಳ್ಳುತ್ತ ಹೋದಳು. ಹಿಂದಿನ ಬಾಗಿಲು ತೆಗೆದರೆ ಶೇಖಪ್ಪ ಹಳೆಯ ಕಂಬಳಿಯ ಮೇಲೆ ಮಲಗಿದ್ದ. ಮುಖ, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ. ಕಣ್ಣು ತೆರೆದಿತ್ತು.

"ಕಾಲು ಎಲ್ಲ್ಯಾವ ತಿಳಿವಲ್ದು," ಎಂದ ಅವಳಿಗೆ.

ಆದದ್ದು ಇಷ್ಟು. ಈ ದೇಶದ ಮನೆಗಳು ಕಟ್ಟಿಗೆಯವು. ಭಾರ ಹೊರುವ ಗೋಡೆಯೂ ಹೊರದ ಗೋಡೆಯೂ ಒಂದೇ ದಪ್ಪ. ಮಹಡಿಯ ತೊಲೆಗಳು ಎರಡು ಕಡೆಯಿಂದ ಬಂದು ಅದೇ ಗೋಡೆಯ ತಲೆಯ ಮೇಲೆ ಕೂಡಿದ್ದವು. ಒಳಗಿನ ಕಟ್ಟಿಗೆಯ ನಿಲುವುಗಳನ್ನು ಅಪ್ಪ ಮಗ ಒಂದೊಂದಾಗಿ ಕೊಯ್ಯುತ್ತ ಬಂದರು. ಕೊನೆಯದು ಹೋದ ಕೂಡಲೆ ತೊಲೆಗಳ ತುದಿ ಕಳಚಿ, ಮೇಲಿನ ಹಲಗೆಯ ಸಮೇತ ಇಳಿದವು. ಶೇಖಪ್ಪ ಅದರಡಿಗೆ ಇದ್ದ. ಓಂಪ್ರಕಾಶ ಕಸದ ಚೀಲ ಹೊರಗೊಯ್ದಿದ್ದ.

"ಆಂಬ್ಯುಲೆನ್ಸ್ ಕರೀಲಿಲ್ಲ್ಯಾ?" ವೈಷ್ಣವಿ ಮೆಟ್ಟಿಲಿಳಿದು ಓಡಿ ಬಂದಳು. ನೆಗಡಿಯೆಂದು ಅವತ್ತು ರಜೆ ಹಾಕಿ ಮನೆಯಲ್ಲೇ ಇದ್ದಳು.

"ಬಾಲಕೃಷ್ಣ ಅವರು ಕೈ ಮುಗದ್ರು. ಪರ್ಮಿಟ್ ಇಲ್ಲ, ನಮ್ಮನೆ ಹೆಸರು ಹೇಳ್ಬೇಡಿ, ಇನ್ಶೂರೆನ್ಸ್ ಹೋಗತ್ತೆ ಅಂತ." ಓಂಪ್ರಕಾಶ ಗ್ಯಾರೇಜಿನ ಬಾಗಿಲು ಕೆಳಗಿಳಿಸಿದ. "ನನ್ನ ಮ್ಯಾಲೂ ಕೇಸ ಆಗತೈತಿ. ಕೇಳ್ರಿಲ್ಲೆ. ಅಪ್ಪ ಮನಿ ಮೆಟ್ಟಲಮ್ಯಾಲಿಂದ ಬಿದ್ದ. ನಾ ಇಂಟರ್‌ವ್ಯೂಕ್ಕ ಹೋಗಿದ್ದೆ. ಯವ್ವಾ, ನೀ ಅಡಗಿಮನ್ಯಾಗ ಇದ್ದಿ, ನೋಡಿಲ್ಲ. ಅರಿವಿ ಬದಲಿ ಮಾಡ, ಬಡಬಡ."

ಶಾರದವ್ವ ಗಂಡನ ಮುಖ ನೋಡಿದಳು. ಅವನು, "ಅವ ಹೇಳಿದಂಗ ಮಾಡು" ಎಂದ.

ಬೋಗುಣಿಯಲ್ಲಿ ನೀರು ತಂದು ಅವನ ಮುಖ, ಕಿವಿ, ಕತ್ತಿನ ಬಿಳಿ ಪುಡಿಯನ್ನೆಲ್ಲ ಅವಳೇ ಒರೆಸಿದಳು. ಅಂಗಿ ಕತ್ತರಿಸಿ ತೆಗೆದು ಹೊಸದು ತೊಡಿಸಿದಳು. ಅವನನ್ನು ಮಗ್ಗುಲಾಗಿಸಿದಾಗ ಅವನ ಗಂಟಲಿನಿಂದ ಬಂದ ಸದ್ದನ್ನು ಅವಳು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಅವನನ್ನು ಮೆಟ್ಟಿಲ ಬುಡಕ್ಕೆ ಎತ್ತಿ ತಂದು ಮಲಗಿಸಿ ಆಂಬ್ಯುಲೆನ್ಸಿಗೆ ಫೋನು ಮಾಡಿದರು.

ಆಸ್ಪತ್ರೆಯಲ್ಲಿ ಒಂಬತ್ತು ತಾಸು ಆಪರೇಷನ್ ಆಯಿತು. ಬೆನ್ನುಮೂಳೆ ಮುರಿದಿತ್ತು. ಬಿದ್ದ ಮೇಲೆ ಇವರನ್ನು ಎತ್ತಿ ಎಲ್ಲಿಗಾದರೂ ಸಾಗಿಸಿದಿರಾ ಎಂದು ಡಾಕ್ಟರು ಎರಡು ಸಲ ಕೇಳಿದರು. ಓಂಪ್ರಕಾಶ ಎರಡು ಸಲವೂ ಇಲ್ಲ ಎಂದ. ಸಾಗಿಸಿರದಿದ್ದರೆ ಕಾಲು ಉಳಿಯುತ್ತಿತ್ತೋ ಏನೋ, ಅದನ್ನು ಅವರು ಹೇಳಲಿಲ್ಲ. ಇನ್ನು ನಡೆಯಲಾರರು ಎಂಬುದನ್ನಷ್ಟೇ ಹೇಳಿದರು.

ಆಸ್ಪತ್ರೆಯವರು ಅನುಮಾನ ಬಂದು ಮೇಲಕ್ಕೆ ತಿಳಿಸಿದ್ದರು; ಮೂರನೆಯ ದಿನ ಮನೆಗೆ ವಿಚಾರಣೆಯ ಅಧಿಕಾರಿಗಳಿಬ್ಬರು ಬಂದು ಮೆಟ್ಟಿಲುಗಳನ್ನು ಎಣಿಸಿ, ಕಾರ್ಪೆಟ್ ಒತ್ತಿ ನೋಡಿ, ವೈಷ್ಣವಿಯನ್ನು ಬೇರೆ ಕೂರಿಸಿ ಮುಕ್ಕಾಲು ತಾಸು ಮಾತಾಡಿಸಿದರು. ಅವರು ಹೋದ ಮೇಲೆ ಅವಳು ಅಡುಗೆಮನೆಗೆ ಬಂದು ಗಂಡನ ಮುಂದೆ ನಿಂತಳು.

"ಏನ ಕೇಳಿದ್ರು ಗೊತ್ತೇನು? ಮಾವಾರ ಮ್ಯಾಲೆ ನಿಮಗ ಸಿಟ್ಟ ಬರತೈತ್ಯಾ ಅಂತ. ಎಷ್ಟ ಸಲ ಕೈ ಎತ್ತೀರಿ ಅಂತ!"

"ಅಂಥಾದ್ದ್ಯಾಕ ಕೇಳತಾರ?"

"ಮಾವಾರ ಹೆಗಲ ಮ್ಯಾಲೆ, ತಲಿ ಹಿಂದ, ಎಲ್ಲಾ ಮ್ಯಾಲಿಂದ ಬಿದ್ದ ಏಟಂತ. ಮೆಟ್ಟಲದಿಂದ ಬಿದ್ರ ಹಂಗ ಆಗೂದಿಲ್ಲಂತ. ನೀವು ಇಂಟರ್‌ವ್ಯೂದಾಗ, ಅತ್ತಿ ಅಡಗಿಮನ್ಯಾಗ. ಮತ್ತ ಉಳದಾಕಿ ಯಾರು?"

ಓಂಪ್ರಕಾಶ ನೆಲ ನೋಡಿದ. "ಸುಮ್ನ ಕೇಳತಾರ. ಏನೂ ಸಿಗೂದಿಲ್ಲ, ಬಿಡತಾರ. ಸ್ವಲ್ಪ ದಿನ ತಡಕೋ."

"ನಾ ಮಕ್ಕಳ ನಡುವ ಕೆಲಸ ಮಾಡತೇನ್ರಿ! ಮನ್ಯಾಗಿನ ಮುದುಕರ್ನ ಹೊಡದಾಕಿ ಅಂತ ಕಾಗದದಾಗ ಬಂದ್ರ ನನ್ನ ಯಾರ ಒಳಗ ಬಿಡತಾರ?"

"ಹಂಗಾದ್ರ ನಾ ಜೇಲಿಗೆ ಹೋಗ್ಲ್ಯಾ?"

ವೈಷ್ಣವಿ ಅತ್ತೆಯ ಕಡೆ ಒಮ್ಮೆ ನೋಡಿ, ಹಾಲು ಉಕ್ಕುತ್ತಿದ್ದ ಒಲೆಯನ್ನು ಆರಿಸಿ, ಮೇಲೆ ಹೋದಳು. ಬೈದಿದ್ದರೆ ಶಾರದವ್ವನಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಶಾರದವ್ವನ ಸರದಿ. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಸೋಶಿಯಲ್ ವರ್ಕರ್ ಹೆಂಗಸೊಬ್ಬಳು, ಮೇಜಿನ ಮೇಲೆ ಒಂದು ವಿಡಿಯೋ ಪರದೆ. ಪರದೆಯಲ್ಲಿ ಕನ್ನಡದ ಹುಡುಗಿ.

"ನಮಸ್ಕಾರ ಅಮ್ಮ. ನನ್ನ ಹೆಸರು ರಚನಾ. ಅವರು ಕೇಳೋದನ್ನ ನಾನು ಕನ್ನಡದಲ್ಲಿ ಹೇಳ್ತೀನಿ."

"ಯಾವೂರವ್ವಾ ನಿಂದು?"

"ಅದೆಲ್ಲ ಹೇಳೋ ಹಾಗಿಲ್ಲ ಅಮ್ಮ."

"ಊರ ಹೇಳಾಕ ಏನಾತ?" ಎಂದು ಶಾರದವ್ವ ಸೆರಗು ಸರಿಮಾಡಿಕೊಂಡಳು.

ಹೆಂಗಸು ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಅಂದಳು. ರಚನಾ ಅದನ್ನು ಕನ್ನಡಕ್ಕೆ ತಂದಳು. "ಅಮ್ಮ, ಬುಧವಾರ ನಿಮ್ಮ ಯಜಮಾನರಿಗೆ ಏನಾಯ್ತು ನೀವು ನೋಡಿದ್ರಾ? ಮನೇಲಿ ಅವರಿಗೆ ಯಾರಾದ್ರೂ ಹೊಡೀತಾರಾ? ನಿಮ್ಮ ಸೊಸೆ ಹೊಡೀತಾರಾ? ಭಯ ಪಡಬೇಡಿ."

"ನನ್ನ ಸೊಸಿ ಒಂದು ಇರುವಿನೂ ಹೊಸಕಾಕಿ ಅಲ್ಲ."

ಹೆಂಗಸು ಬರೆದುಕೊಂಡಳು. ಸೊಸೆಗೆ ಹೆದರಿ ಅತ್ತೆ ಹೀಗೇ ಹೇಳುತ್ತಾಳೆ ಎಂಬುದು ಅವಳ ಮುಖದ ಮೇಲೆ ಅಚ್ಚಾಗಿತ್ತು. ಶಾರದವ್ವ ಓದು ಬಾರದವಳಲ್ಲ. ಮುಖ ಓದಲಂತೂ ಚೆನ್ನಾಗಿ ಬರುತ್ತಿತ್ತು. ಗಾಜಿನ ಬಾಗಿಲಾಚೆ ಓಂಪ್ರಕಾಶ ಬೆಂಚಿನ ಮೇಲೆ ಕುಳಿತು ಮೊಣಕಾಲು ಕುಣಿಸುತ್ತಿದ್ದ. ಶಾಲೆಯಲ್ಲಿ ಪರೀಕ್ಷೆಗೆ ಕೂರುವಾಗಲೂ ಹಾಗೇ ಕುಣಿಸುತ್ತಿದ್ದ ಹುಡುಗ.

ಅವಳು ಚೀಲದಿಂದ ಫೋನು ತೆಗೆದು, ಬೆರಳಿಂದ ಸರಿಸಿ ಸರಿಸಿ, ಪರದೆಯ ಮುಂದೆ ಹಿಡಿದಳು.

"ಇದನ್ನ ಓದವ್ವಾ ಅವರಿಗೆ. ಈ ಫೋಟೋದಾಗ ಇರಾವ್ರು ನನ್ನ ಗಂಡ. ನನ್ನ ಮಗ ಇದನ್ನ ಹಾಕಿ ಮಂದಿ ಮನಿ ಕೆಲಸ ಹಿಡದ. ಲೈಸನ್ಸ ಇಲ್ಲ. ಒಬ್ರ ಮನ್ಯಾಗ ಗ್ವಾಡಿ ಕೊಯ್ಯಾಕ ಹಚ್ಚಿದ, ತೊಲಿ ಇವರ ಮ್ಯಾಲೆ ಬಿತ್ತು. ಅಲ್ಲಿಂದ ವ್ಯಾನಿನ್ಯಾಗ ತಂದು ಮೆಟ್ಟಲ ಹತ್ರ ಮಲಗಿಸಿದ್ರು. ಮುಖದ ಮ್ಯಾಲಿನ ಪುಡಿ ಒರಸಿದಾಕಿ ನಾನು. ಸೊಸಿ ಬ್ಯಾಡ ಬ್ಯಾಡ ಅಂದಾಕಿ."

ರಚನಾ ಓದುತ್ತ ಹೋದಳು. ಜಾಹೀರಾತಿನ ಕೊನೆಯ ಸಾಲಿಗೆ ನಿಂತು, ಎರಡು ಸಲ ಬೇರೆ ಬೇರೆ ರೀತಿ ಇಂಗ್ಲಿಷಿಗೆ ತಂದಳು. ಹೆಂಗಸು ಹುಬ್ಬು ಗಂಟಿಕ್ಕಿ ಏನೋ ಕೇಳಿದಳು.

"ಅಮ್ಮ, ಲೈಸೆನ್ಸ್ ಇದೆ ಅಂತ ಬರೆದ ಹಾಗಾ, ಇಲ್ಲ ಅಂತ ಬರೆದ ಹಾಗಾ ಅಂತ ಕೇಳ್ತಿದಾರೆ. ಈ ಮಾತು ಯಾರದ್ದು?"

"ನಂದು," ಎಂದಳು ಶಾರದವ್ವ. "ಇಲ್ಲ ಅಂತನ ಅದರ ಅರ್ಥ."

ಹೊರಗೆ ಬಂದಾಗ ಓಂಪ್ರಕಾಶ ಎದ್ದು ನಿಂತಿದ್ದ. ಗಾಜಿನಲ್ಲಿ ಅವನಿಗೆ ಫೋನು ಕಂಡಿತ್ತು.

"ಯವ್ವಾ, ಏನ ತೋರಿಸಿದಿ?"

"ಇದ್ದದ್ದ ತೋರಿಸಿದೆ."

"ನನಗ ಏನಾಗತೈತಿ ಗೊತ್ತೈತ್ಯಾ ನಿನಗ?"

"ಗೊತ್ತಿಲ್ಲ. ಅಕಿಗೆ ಏನಾಗೂದಿತ್ತು ಅದು ಗೊತ್ತಿತ್ತು."

ಅವನು ಅಲ್ಲೇ ಗೋಡೆಗೆ ಆನಿಕೊಂಡು ಗುಂಪಿನಲ್ಲಿದ್ದ ಜಾಹೀರಾತು ಅಳಿಸಲು ನೋಡಿದ. ಬಹಳ ದಿನವಾದ್ದರಿಂದ ಅದು ಅವನ ಫೋನಿನಲ್ಲಿ ಮಾತ್ರ ಅಳಿಯಿತು, ಉಳಿದ ಮುನ್ನೂರು ಮಂದಿಯಲ್ಲಿ ಉಳಿಯಿತು. ಕೆಳಗೆ ಹೊಸದೊಂದು ಸಾಲು ಬಂದಿತ್ತು: ಬಾಲಕೃಷ್ಣ ಗುಂಪು ಬಿಟ್ಟಿದ್ದಾರೆ. ಓಂಪ್ರಕಾಶ ತಾಯಿಯ ಕಡೆ ನೋಡದೆ ಲಿಫ್ಟಿನ ಕಡೆ ನಡೆದ.

ಮಧ್ಯಾಹ್ನ ವೈಷ್ಣವಿ ಡಬ್ಬಿಯಲ್ಲಿ ಮೆತ್ತಗಿನ ಅನ್ನ, ತಿಳಿಸಾರು ಕಟ್ಟಿಕೊಂಡು ಬಂದಳು. ಅವಳಿಗೆ ಸುದ್ದಿ ಮುಟ್ಟಿತ್ತು. ಅತ್ತೆಯ ಎದುರು ಡಬ್ಬಿ ಇಟ್ಟು, ಏನೋ ಹೇಳಲು ಹೋಗಿ, "ಉಪ್ಪು ಕಡಿಮಿ ಹಾಕೇನ್ರಿ, ಡಾಕ್ಟರ್ ಹೇಳ್ಯಾರ" ಎಂದಷ್ಟೇ ಹೇಳಿ, ಗಂಡನನ್ನು ಹುಡುಕಿಕೊಂಡು ಕೆಳಗಿಳಿದಳು.

ಶೇಖಪ್ಪ ಎಚ್ಚರವಿದ್ದ. ಹಾಸಿಗೆಯ ತಲೆಭಾಗ ಎತ್ತಿಸಿ, ಟವೆಲು ಹರವಿ, ಶಾರದವ್ವ ಅನ್ನ ಕಿವುಚಿದಳು.

"ಮಗನ್ನ ಹಿಡದು ಕೊಟ್ಟಿ," ಎಂದ ಅವನು.

"ಹೂಂ. ಕೊಟ್ಟೆ."

"ಗ್ವಾಡಿ ನಾಕೂವರಿ ಅಂದಾವ ನಾನು. ಅವನಲ್ಲ. ನನ್ನ ಹೆಸರ ಹೇಳಬೇಕಿತ್ತು."

"ನಿಮ್ಮ ಹೆಸರೂ ಹೇಳೇನಿ. ನಂದೂ ಹೇಳೇನಿ. ಉಣ್ಣ್ರಿ ಈಗ."

ಅವನು ಹಲ್ಲು ಕಚ್ಚಿ ಮುಖವನ್ನು ಕಿಟಕಿಗೆ ತಿರುಗಿಸಿದ. ಅವನಿಗೆ ತಿರುಗಿಸಲು ಬರುತ್ತಿದ್ದದ್ದು ಈಗ ಅದೊಂದೇ. ಅವಳು ಮಂಚ ಸುತ್ತಿ ಆ ಕಡೆಗೆ ಹೋಗಿ ನಿಂತು ಚಮಚೆ ಹಿಡಿದಳು. ಅವನು ಈ ಕಡೆಗೆ ತಿರುಗಿದ. ಅವಳು ಮತ್ತೆ ಸುತ್ತಿ ಬಂದಳು. ಸಾರು ಅವಳ ಮುಂಗೈಗೆ ಹರಿದು ಆರಿತು. ಶಾರದವ್ವ ಅದನ್ನು ಸೆರಗಿಗೆ ಒರೆಸಿಕೊಂಡು, ಇನ್ನೊಂದು ಚಮಚೆ ತುಂಬಿದಳು.